ಸ್ಕ್ರೋಲ್‌ಬಾರಿನ ಸೂಕ್ಷ್ಮ ಹೊಂದಾಣಿಕೆ

ಪರದೆಯ ಅಂಚಿನ ಸ್ಕ್ರೋಲ್‌ಬಾರಿನ ಹಿಡಿಯನ್ನು ಎಳೆಯುವಾಗ, ಕೈ ಎಷ್ಟು ಸರಿದರೆ ಪುಟ ಎಷ್ಟು ಸರಿಯಬೇಕೆಂಬ ಪ್ರಮಾಣವನ್ನು ಸ್ವಲ್ಪ ಹೊತ್ತು ತಗ್ಗಿಸುವ ವ್ಯವಸ್ಥೆಗೆ ಸೂಕ್ಷ್ಮ ಹೊಂದಾಣಿಕೆ ಎನ್ನುತ್ತಾರೆ. ಇದನ್ನು ಆಮೇಲೆ ಸೇರಿಸಿದ ಸೌಕರ್ಯವೆಂದು ಎಣಿಸುವವರೇ ಹೆಚ್ಚು. ಆದರೆ ಪಟ್ಟಿಯ ಉದ್ದ ಪರದೆಯನ್ನು ಮೀರುವಂತಿಲ್ಲ, ಪುಟದ ಉದ್ದಕ್ಕೆ ಮಿತಿಯೇ ಇಲ್ಲ. ಹೀಗಿರುವಾಗ ಒಂದೇ ಪ್ರಮಾಣ ಎಲ್ಲ ಕೆಲಸಕ್ಕೂ ಸಾಲುವುದು ಸಾಧ್ಯವಿರಲಿಲ್ಲ. ಎರಡನೆಯ ಪ್ರಮಾಣ ಈ ಸಾಧನದ ಅಗತ್ಯ ಅಂಗವೆಂಬುದನ್ನು ಅದರ ಚರಿತ್ರೆಯೇ ತೋರಿಸುತ್ತದೆ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯೊಂದನ್ನು ಇಟ್ಟುಕೊಂಡು ಲೆಕ್ಕ ಹಾಕಬಹುದು. ಆರು ಗಜದ ಸೀರೆ ಎಂದರೆ 216 ಅಂಗುಲ. ಅಂಗುಲಕ್ಕೆ 100 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಚಿತ್ರದ ಉದ್ದ 21,600 ಚುಕ್ಕಿಯಾಗುತ್ತದೆ. ಪರದೆಯಲ್ಲಿ ಒಮ್ಮೆಗೆ 1,080 ಚುಕ್ಕಿ ಕಾಣುತ್ತದೆ, ಸ್ಕ್ರೋಲ್‌ಬಾರಿನ ಉದ್ದ 900 ಚುಕ್ಕಿ ಎಂದಿಟ್ಟುಕೊಂಡರೆ, ಹಿಡಿಯೇ 45 ಚುಕ್ಕಿ ತೆಗೆದುಕೊಂಡು ಅದರ ಓಡಾಟಕ್ಕೆ 855 ಉಳಿಯುತ್ತದೆ. ಅಷ್ಟರೊಳಗೆ 20,520 ಚುಕ್ಕಿ ಸರಿಯಬೇಕು. ಹಿಡಿ ಒಂದು ಚುಕ್ಕಿ ಜರುಗಿದರೆ ಸೀರೆ 24 ಚುಕ್ಕಿ, ಸುಮಾರು ಆರು ಮಿಲಿಮೀಟರ್, ಜಿಗಿಯುತ್ತದೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆ ಹಾಕಿ ಎಳೆಗೆ ಎಳೆ ಕೂಡಿಸುವ ಕೊಂಡಿ ಇಳಕಲ್ ಸೀರೆಯ ವೈಶಿಷ್ಟ್ಯ. ಆ ಕೊಂಡಿಯ ಸಾಲನ್ನು ಪರದೆಯ ಮೇಲಂಚಿಗೆ ಸರಿಯಾಗಿ ತಂದು ನಿಲ್ಲಿಸಲು ಹೊರಟವರ ಕೈ ಎಷ್ಟೇ ನಿಧಾನವಾಗಿದ್ದರೂ, ಸಾಲು ಒಮ್ಮೆ ಮೇಲೆ ಹೋಗುತ್ತದೆ, ಒಮ್ಮೆ ಕೆಳಗೆ ಉಳಿಯುತ್ತದೆ. ಅದೇ ಸೀರೆ ನೇಯುವ ಮಗ್ಗದಲ್ಲಿ ಈ ತೊಡಕಿಲ್ಲ. ನೇಯ್ದಷ್ಟು ಬಟ್ಟೆಯನ್ನು ದಿಂಡಿಗೆ ಸುತ್ತುವ ಕೆಲಸ ಬೇರೆ, ಹೊಕ್ಕಿನ ಒಂದೊಂದೇ ಎಳೆಯನ್ನು ಹಣಿಗೆಯಿಂದ ಬಡಿದು ಕೂಡಿಸುವ ಕೆಲಸ ಬೇರೆ. ದೊಡ್ಡ ಚಲನೆಯನ್ನೂ ಚಿಕ್ಕ ಚಲನೆಯನ್ನೂ ಅಲ್ಲಿ ಒಂದೇ ಹಿಡಿಗೆ ಹೊರಿಸಿಲ್ಲ.

ಅಳತೆಯ ಉಪಕರಣ ಮಾಡುವವರಿಗೂ ಈ ವಿಂಗಡಣೆ ಹಳೆಯದು. ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ ಆಧಾರರೇಖೆ ಅಳೆದ ಕಾಲಕ್ಕಾಗಲೇ, ಕೋನ ಅಳೆಯುವ ಥಿಯೊಡೊಲೈಟಿನ ದೂರದರ್ಶಕವನ್ನು ಮೊದಲು ಕೈಯಿಂದ ತಿರುಗಿಸಿ ಬಿಗಿದು, ಬಳಿಕ ಸಣ್ಣ ತಿರುಪಿನಿಂದ ಗುರಿಗೆ ಕೂಡಿಸುವುದು ರೂಢಿಯಲ್ಲಿತ್ತು. ಕಂಪ್ಯೂಟರಿನಲ್ಲಿಯೂ ಮೊದಮೊದಲು ಇಂಥದೇ ಏರ್ಪಾಡಿತ್ತು. 1984ರ ಮ್ಯಾಕಿಂಟಾಷ್‌ನಲ್ಲಿ ಬಾಣದ ಗುರುತನ್ನು ಒತ್ತಿದರೆ ಒಂದು ಸಾಲು, ಖಾಲಿ ಪಟ್ಟಿಯನ್ನು ಒತ್ತಿದರೆ ಒಂದು ಪರದೆ, ಹಿಡಿಯನ್ನು ಎಳೆದರೆ ಬೇಕಾದಷ್ಟು ದೂರ. ಕೊರತೆ ಇದ್ದದ್ದು ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ: ಹಿಡಿ ಬಿಟ್ಟು, ಬಾಣವನ್ನು ಹುಡುಕಿ ಹೋಗಿ, ಮತ್ತೆ ಮತ್ತೆ ಒತ್ತಬೇಕಿತ್ತು.

ಈ ದಾಟುವಿಕೆಯನ್ನು ಎಳೆತದೊಳಗೇ ತರುವ ಯತ್ನಗಳು 1990ರ ದಶಕದಲ್ಲಿ ಕಾಣಿಸಿಕೊಂಡವು. 1994ರಲ್ಲಿ ಕ್ರಿಸ್ಟೋಫರ್ ಆಲ್‌ಬರ್ಗ್ ಮತ್ತು ಬೆನ್ ಶ್ನೈಡರ್‌ಮನ್ ಹಿಡಿ ಎಳೆದು ಹೆಸರು ಆರಿಸುವ ತಮ್ಮ ‘ಆಲ್ಫಾಸ್ಲೈಡರ್’ನ ನಾಲ್ಕು ವಿನ್ಯಾಸಗಳನ್ನು 10,000 ಚಲನಚಿತ್ರಗಳ ಹೆಸರಿನ ಪಟ್ಟಿಯ ಮೇಲೆ ಹೋಲಿಸಿ ನೋಡಿದರು. ಮರುವರ್ಷ ತೊಶಿಯುಕಿ ಮಸುಯಿ ಮತ್ತು ಸಂಗಡಿಗರು ‘ಫೈನ್‌ಸ್ಲೈಡರ್’ ಮುಂದಿಟ್ಟರು. ಅದರಲ್ಲಿ ಹಿಡಿಗೂ ಮೌಸಿನ ಗುರುತಿಗೂ ನಡುವೆ ರಬ್ಬರು ಎಳೆದಂತಿದ್ದು, ಅಂತರ ಕಡಿಮೆಯಾದಷ್ಟೂ ಹಿಡಿ ನಿಧಾನವಾಗುತ್ತದೆ. 2009ರ ಐಫೋನ್ ತಂತ್ರಾಂಶದ ಮೂರನೆಯ ಆವೃತ್ತಿಯಲ್ಲಿ ಹಾಡಿನ ಕಾಲಪಟ್ಟಿಯ ಮೇಲಿಟ್ಟ ಬೆರಳನ್ನು ಕೆಳಕ್ಕೆ ಜಾರಿಸಿದಷ್ಟೂ ವೇಗ ಅರ್ಧ, ಕಾಲು ಎಂದು ಇಳಿಯತೊಡಗಿತು. ಲಿನಕ್ಸ್‌ನ ಗ್ನೋಮ್ ಪರದೆ ವ್ಯವಸ್ಥೆ ಬಳಸಿದ ಜಿಟಿಕೆ 3 ಎಂಬ ತಂತ್ರಾಂಶ ಸಾಮಗ್ರಿಯಲ್ಲಿ ಹಿಡಿಯನ್ನು ಒತ್ತಿಹಿಡಿದರೆ, ಇಲ್ಲವೇ ಶಿಫ್ಟ್ ಕೀಲಿಯೊಂದಿಗೆ ಒತ್ತಿ ಎಳೆದರೆ, ಸೂಕ್ಷ್ಮ ಚಲನೆ ಶುರುವಾಗುತ್ತದೆ. ಕೈಯ ಚಲನೆಯನ್ನು ತಂತ್ರಾಂಶ ಒಂದು ಭಿನ್ನರಾಶಿಯಿಂದ ಗುಣಿಸಿ ಹಿಡಿಗೆ ದಾಟಿಸುತ್ತದೆ. ಆ ಭಿನ್ನರಾಶಿ ಇಪ್ಪತ್ನಾಲ್ಕರಲ್ಲಿ ಒಂದಾದರೆ ನಮ್ಮ ಸೀರೆ ಕೈಯ ಸಮಕ್ಕೆ, ಚುಕ್ಕಿಗೆ ಚುಕ್ಕಿ ಸರಿಯುತ್ತದೆ.

1996ರಲ್ಲಿ ಮೈಕ್ರೋಸಾಫ್ಟ್ ಇಂಟೆಲಿಮೌಸ್‌ನೊಂದಿಗೆ ಚಕ್ರದ ಮೌಸು ಮನೆಮಾತಾದ ಮೇಲೆ, ಆಮೇಲೆ ಸ್ಪರ್ಶಪರದೆ ಬಂದ ಮೇಲೆ, ಹಿಡಿಯ ಗೊಡವೆಯೇ ಬೇಡವೆಂಬ ವಾದವಿದೆ. ಆದರೆ ಚಕ್ರ ಹತ್ತಿರದ ಕೆಲಸಕ್ಕೆ ಒಳ್ಳೆಯದು, ದೂರಕ್ಕೆ ಬೆರಳು ಸೋಲುತ್ತದೆ. ಸ್ಪರ್ಶಪರದೆಯಲ್ಲಿ ಬೀಸಿದ ಪುಟ ದೂರ ಓಡುತ್ತದೆ, ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು. ಪದ ಹುಡುಕಿದರೆ ನೇರ ಅಲ್ಲಿಗೇ ಹೋಗಬಹುದಲ್ಲ ಎಂಬ ಮಾತು ಅಕ್ಷರವಿದ್ದ ಕಡೆ ಸರಿ. ಬಟ್ಟೆಯ ಚಿತ್ರಕ್ಕೋ ಧ್ವನಿಮುದ್ರಣಕ್ಕೋ ಅದು ಒದಗದು. ಗಟ್ಟಿಯಾದ ಆಕ್ಷೇಪ ಮತ್ತೊಂದಿದೆ. ಪ್ರಮಾಣ ತಗ್ಗಿದೊಡನೆ ಹಿಡಿ ಕೈಯಿಂದ ಹಿಂದೆ ಬೀಳುತ್ತದೆ, ಹಿಡಿದದ್ದು ಹಿಡಿದಲ್ಲೇ ಇರುತ್ತದೆಂಬ ನಂಬಿಕೆ ಮುರಿಯುತ್ತದೆ; ಜೊತೆಗೆ ಇಂಥ ಅನುಕೂಲ ಇದೆಯೆಂದು ಹೇಳಿಕೊಡದೆ ಯಾರಿಗೂ ತಿಳಿಯದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಇದು ದೂರುವುದು ಎರಡನೆಯ ಪ್ರಮಾಣ ಮರೆಯಲ್ಲಿರುವುದನ್ನು. ಅದು ಇರಬಾರದೆಂದು ಇದರಿಂದ ಸಾಧಿತವಾಗುವುದಿಲ್ಲ. ಐಫೋನ್ ಆಗಿನ ವೇಗವನ್ನು ಪಟ್ಟಿಯ ಬಳಿಯೇ ಬರೆದು ತೋರಿಸಿ ಈ ಕೊರತೆಯನ್ನು ಬಹಳಮಟ್ಟಿಗೆ ನೀಗಿಸಿತು.

ಆದ್ದರಿಂದ ಸೂಕ್ಷ್ಮ ಹೊಂದಾಣಿಕೆಯ ಗುಣವನ್ನು ಅದು ಎಷ್ಟು ನಿಧಾನವೆಂಬುದರಿಂದ ಅಳೆಯಲಾಗದು. ಹಿಡಿ ಬಿಡದೆಯೇ ದೊಡ್ಡ ಚಲನೆಯಿಂದ ಚಿಕ್ಕದಕ್ಕೆ ಇಳಿದು ಮತ್ತೆ ಏರಲು ಬರುವುದೇ, ಈಗ ಯಾವ ಪ್ರಮಾಣ ನಡೆಯುತ್ತಿದೆಯೆಂದು ಬಳಸುವವರಿಗೆ ಕಾಣುವುದೇ ಎಂಬ ಎರಡು ಪ್ರಶ್ನೆಗಳೇ ಇಲ್ಲಿ ಒರೆಗಲ್ಲು. ಮೊದಲನೆಯದಕ್ಕೆ ಮೂವತ್ತು ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ. ಇಂದಿನ ವಿನ್ಯಾಸಗಳು ಹೆಚ್ಚಾಗಿ ಸೋಲುವುದು ಎರಡನೆಯದರಲ್ಲಿ.