ಹಲಗಲಿಯ ಬೇಡರೂ ಬಂದೂಕಿನ ಕಾಯಿದೆಯೂ

ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಹಲಗಲಿ ಚಿಕ್ಕ ಊರು. ಇತಿಹಾಸದಲ್ಲಿ ಅದರ ಹೆಸರು ಉಳಿದಿರುವುದು 1857ರ ನವೆಂಬರ್ ತಿಂಗಳ ಒಂದು ಪ್ರಸಂಗದಿಂದ. ಅಲ್ಲಿನ ಬೇಡರು ತಮ್ಮ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಲು ನಿರಾಕರಿಸಿದರು.

ಆ ವರ್ಷ ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆ ಎದ್ದಿದ್ದರು. ಬೆದರಿದ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಜಾರಿಗೆ ತಂದಿತು. ಪರವಾನಗಿ ಇಲ್ಲದೆ ಬಂದೂಕು, ಕತ್ತಿ, ಭರ್ಚಿ ಇಟ್ಟುಕೊಳ್ಳುವುದು ಅಪರಾಧವಾಯಿತು. ಆಗ ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನ. ಆದರೂ ಕಂಪನಿಯ ಆಜ್ಞೆಯಿಂದ ಅದಕ್ಕೆ ಬಿಡುಗಡೆ ಇರಲಿಲ್ಲ.

ಬೇಡರಿಗೆ ಆಯುಧವೆಂದರೆ ಬರಿಯ ಕಬ್ಬಿಣವಲ್ಲ. ಬೇಟೆ, ಕಾವಲು, ದಂಡಿನ ಚಾಕರಿ ಅವರ ಕಸುಬು. ಹೈದರಾಲಿಯ ಸೈನ್ಯದಲ್ಲಿಯೂ ಬೇಡರ ಪಡೆಗಳಿದ್ದವು. ಆಯುಧ ಕೊಡುವುದೆಂದರೆ ಅನ್ನವನ್ನೂ ಮಾನವನ್ನೂ ಕೊಟ್ಟಂತೆ.

ಕಾಯಿದೆಯ ಹಿಂದೆ ಇನ್ನೊಂದು ಲೆಕ್ಕಾಚಾರವೂ ಕಾಣುತ್ತದೆ. ಅಂದಿನ ನಾಡಬಂದೂಕು ಬಾಯಿಂದ ಮದ್ದು ತುಂಬುವಂಥದು. ನಳಿಗೆಯೊಳಗೆ ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದು, ಉರಿಯುವ ಬತ್ತಿಯಿಂದ ಕಿವಿಯ ಮದ್ದಿಗೆ ಕಿಡಿ ತಾಗಿಸಬೇಕು. ಹಾರಿಸಿದರೆ ದಟ್ಟ ಬಿಳಿಹೊಗೆ; ಮಳೆಯಲ್ಲಿ ನಿರುಪಯೋಗಿ; ನೂರು ಗಜದಾಚೆ ಗುರಿ ಸಂದೇಹ. ಆದರೆ ಈ ಮದ್ದಿಗೆ ಬೇಕಾದದ್ದು ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಪೆಟ್ಲುಪ್ಪನ್ನು ಸವುಳು ಮಣ್ಣಿನಿಂದ ತೆಗೆಯಬಹುದು, ಇದ್ದಿಲನ್ನು ಊರಲ್ಲೇ ಸುಡಬಹುದು. ಪೇಟೆಯಿಂದ ತರಬೇಕಾದದ್ದು ಗಂಧಕವೊಂದೇ. ಕೆಟ್ಟ ಬಂದೂಕನ್ನು ಕಮ್ಮಾರ ರಿಪೇರಿ ಮಾಡುತ್ತಾನೆ. ಸರ್ಕಾರದ ಕಾರ್ಖಾನೆಯ ಹಂಗಿಲ್ಲದ ಇಂಥ ಆಯುಧವನ್ನು ಹಿಡಿತದಲ್ಲಿಡಲು ಆಯುಧವನ್ನೇ ಕಸಿದುಕೊಳ್ಳುವುದೊಂದೇ ದಾರಿ.

ಜಡಗ, ಬಾಲ, ಹನುಮ, ರಾಮ ಮೊದಲಾದವರ ಮುಂದಾಳುತನದಲ್ಲಿ ಬೇಡರು ಒಟ್ಟುಗೂಡಿದರು. ಬುದ್ಧಿ ಹೇಳಲು ಬಂದವರ ಮಾತು ನಡೆಯಲಿಲ್ಲ. ತಿಂಗಳ ಕೊನೆಗೆ ಕಂಪನಿಯ ಕುದುರೆ ದಂಡು ಹಲಗಲಿಯನ್ನು ಸುತ್ತುವರಿಯಿತು. ಊರಿಗೆ ಬೆಂಕಿ ಬಿತ್ತು. ಅನೇಕರು ಸತ್ತರು, ನೂರಾರು ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, 14ರಂದು ಹಲಗಲಿಯಲ್ಲಿ 6 ಮಂದಿಯನ್ನು ಗಲ್ಲಿಗೇರಿಸಲಾಯಿತು.

ಬ್ರಿಟಿಷ್ ಸರ್ಕಾರ ನಾಲ್ಕು ವರ್ಷಗಳ ನಂತರ, 1861ರಲ್ಲಿ, ಕೊಡಗಿನವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ನೀಡಿತು. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ನಿಷ್ಠೆಯನ್ನು ನಂಬಿದ ಕಡೆ ಕೋವಿ ಸಂಪ್ರದಾಯವಾಯಿತು, ನಂಬದ ಕಡೆ ಅಪರಾಧವಾಯಿತು.

ಹಲಗಲಿಯ ಕಥೆಯನ್ನು ಲಾವಣಿಕಾರರು ಹಾಡಿಕೊಂಡು ಬಂದರು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಜಾನ್ ಫ್ಲೀಟ್. ಅವನು ಶಾಸನಗಳ ವಿದ್ವಾಂಸ, ಬ್ರಿಟಿಷ್ ಸರ್ಕಾರದ ಅಧಿಕಾರಿ. ಬಂದೂಕುಗಳನ್ನು ಕಸಿದ ಆಡಳಿತದವನೇ ಬೇಡರ ಹಾಡನ್ನು ಉಳಿಸಿಕೊಟ್ಟನೆಂಬುದು ಇತಿಹಾಸದ ವೈಚಿತ್ರ್ಯ.