ಸಶಸ್ತ್ರ ಅಪರಾಧ (ಭಾರತದ ಕಾನೂನು)

ಸಶಸ್ತ್ರ ಅಪರಾಧ ಎಂದರೆ ಬಂದೂಕು ಅಥವಾ ಬೇರೆ ಮಾರಕಾಸ್ತ್ರವನ್ನು ಹೊಂದಿ ಎಸಗುವ ಅಪರಾಧ. ಭಾರತದಲ್ಲಿ ಇದಕ್ಕೆಂದೇ ಮೀಸಲಾದ ಪ್ರತ್ಯೇಕ ಕಾನೂನು ಇಲ್ಲ. ಆಯುಧವನ್ನು ಅಕ್ರಮವಾಗಿ ಇರಿಸಿಕೊಳ್ಳುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯೂ, ಆಯುಧಸಹಿತವಾಗಿ ನಡೆಸಿದ ಸುಲಿಗೆ, ದರೋಡೆ, ದೊಂಬಿ ಮುಂತಾದ ಕೃತ್ಯಗಳನ್ನು ಭಾರತೀಯ ನ್ಯಾಯ ಸಂಹಿತೆಯೂ ದಂಡಿಸುತ್ತವೆ. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಈ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಿತು. ಅದಕ್ಕೆ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ.

ಪರವಾನಗಿ ಮತ್ತು ಅಕ್ರಮ ಸ್ವಾಧೀನ

ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನಂತೆ ಬಂದೂಕು ಹೊಂದಲು ಪರವಾನಗಿ ಅಗತ್ಯ. ಬೆಳೆ ರಕ್ಷಣೆಗಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೂ ಪರವಾನಗಿ ನೀಡಲು ಅವಕಾಶವಿದೆ. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ತಾಲ್ಲೂಕುಗಳ ರೈತರು ಇದಕ್ಕಾಗಿ ಚಿತ್ರದುರ್ಗದ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ಬಂದೂಕು ಹೊಂದಿದ್ದರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ ಹಾಗೂ ದಂಡ ವಿಧಿಸಲಾಗುತ್ತದೆ. ಬೇರೆ ಅಪರಾಧ ನಡೆಯದಿದ್ದರೂ ಈ ಶಿಕ್ಷೆ ಅನ್ವಯಿಸುತ್ತದೆ. 3ನೇ ಕಲಮಿನ ಉಲ್ಲಂಘನೆಗೆ ಮೊಕದ್ದಮೆ ಹೂಡುವ ಮುನ್ನ ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಕಡ್ಡಾಯ.

ಕಾನೂನುಬದ್ಧ ಬಂಧನವನ್ನು ತಡೆಯಲು ಬಂದೂಕನ್ನಾಗಲಿ, ಬಂದೂಕಿನಂತೆ ಕಾಣುವ ನಕಲಿ ವಸ್ತುವನ್ನಾಗಲಿ ಬಳಸಿದರೆ 28ನೇ ಕಲಮಿನಡಿ 7 ವರ್ಷಗಳವರೆಗೆ ಸೆರೆವಾಸವಿದೆ.

ಸುಲಿಗೆ, ದರೋಡೆ ಮತ್ತು ದೊಂಬಿ

ಸುಲಿಗೆ ಅಥವಾ ದರೋಡೆಯ ವೇಳೆ ಮಾರಕಾಸ್ತ್ರವನ್ನು ಬಳಸಿದರೆ ನ್ಯಾಯ ಸಂಹಿತೆಯ 311ನೇ ಕಲಮಿನಂತೆ (ಹಿಂದಿನ 397) ಶಿಕ್ಷೆ 7 ವರ್ಷಕ್ಕಿಂತ ಕಡಿಮೆ ಇರುವಂತಿಲ್ಲ. ಕೃತ್ಯ ಕೇವಲ ಯತ್ನವಾಗಿದ್ದರೂ ಆರೋಪಿಯು ಮಾರಕಾಸ್ತ್ರ ಹೊಂದಿದ್ದರೆ 312ನೇ ಕಲಂ (ಹಿಂದಿನ 398) ಇದೇ ಕನಿಷ್ಠ ಶಿಕ್ಷೆಯನ್ನು ವಿಧಿಸುತ್ತದೆ. ಮಾರಕಾಸ್ತ್ರ ಹೊಂದಿ ದೊಂಬಿಯಲ್ಲಿ ತೊಡಗಿದವರಿಗೆ 191(3)ರಡಿ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

‘ಬಳಕೆ’ಯ ಅರ್ಥ

ಒಂದು ಕಲಮಿನಲ್ಲಿ ‘ಬಳಸಿದರೆ’ ಎಂದೂ ಮತ್ತೊಂದರಲ್ಲಿ ‘ಹೊಂದಿದ್ದರೆ’ ಎಂದೂ ಇರುವುದರಿಂದ, ಗುಂಡು ಹಾರಿಸದೆ ಕೇವಲ ತೋರಿಸಿದರೆ ಅದು ಬಳಕೆಯೇ ಎಂಬ ಪ್ರಶ್ನೆ ಎದ್ದಿತು. ಫೂಲ್ ಕುಮಾರ್ ಪ್ರಕರಣದಲ್ಲಿ (1975) ಸರ್ವೋಚ್ಚ ನ್ಯಾಯಾಲಯವು, ಸಂತ್ರಸ್ತರ ಕಣ್ಣಿಗೆ ಬೀಳುವಂತೆ ಆಯುಧ ಹಿಡಿದು ಭಯ ಹುಟ್ಟಿಸಿದರೂ ಅದು ಬಳಕೆಯೇ ಎಂದು ತೀರ್ಮಾನಿಸಿತು. ಆಯುಧ ಹಿಡಿಯದ ಸಹಚರನಿಗೆ ಈ ಕನಿಷ್ಠ ಶಿಕ್ಷೆ ಅನ್ವಯಿಸದೆಂಬುದನ್ನು ರಾಮ್ ರತನ್ ಪ್ರಕರಣದಲ್ಲಿ (2021) ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಅಂಥವನನ್ನು ಸುಲಿಗೆ ಅಥವಾ ದರೋಡೆಯ ಸಾಮಾನ್ಯ ಕಲಮಿನಡಿ ಶಿಕ್ಷಿಸಬಹುದು. ಆದ್ದರಿಂದ ಕೃತ್ಯದ ವೇಳೆ ಆಯುಧ ಯಾರ ಕೈಯಲ್ಲಿತ್ತು ಎಂಬುದಕ್ಕೆ ಸಿಗುವ ಸಾಕ್ಷ್ಯವು ಒಬ್ಬ ಆರೋಪಿಯ ಸೆರೆವಾಸದ ಅವಧಿಯನ್ನೇ ಬದಲಿಸಬಲ್ಲದು.

ಕಡ್ಡಾಯ ಶಿಕ್ಷೆಗೂ ಮಿತಿಯಿದೆ. ನಿಷೇಧಿತ ಆಯುಧದ ಬಳಕೆಯಿಂದ ಸಾವು ಸಂಭವಿಸಿದರೆ ಮರಣದಂಡನೆಯನ್ನೇ ಕಡ್ಡಾಯಗೊಳಿಸಿದ್ದ ಶಸ್ತ್ರಾಸ್ತ್ರ ಕಾಯ್ದೆಯ 27(3)ನೇ ಕಲಮನ್ನು ದಲ್ಬೀರ್ ಸಿಂಗ್ ಪ್ರಕರಣದಲ್ಲಿ (2012) ಸರ್ವೋಚ್ಚ ನ್ಯಾಯಾಲಯ ಸಂವಿಧಾನಬಾಹಿರವೆಂದು ರದ್ದುಗೊಳಿಸಿತು.

ಕರ್ನಾಟಕದಲ್ಲಿ

ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. ಇದನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಪರವಾನಗಿಗೆ ಮಾತ್ರ ಸಂಬಂಧಿಸಿದ್ದು, ಆ ಕೋವಿಯಿಂದ ಎಸಗುವ ಅಪರಾಧಕ್ಕೆ ರಕ್ಷಣೆ ನೀಡುವುದಿಲ್ಲ.

ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದ ಅವರ ಮನೆಯ ಮುಂದೆ ಗುಂಡಿಕ್ಕಿ ಹತ್ಯೆ ಮಾಡಲಾಯಿತು. ಈ ಪ್ರಕರಣದಲ್ಲಿ ವಿಶೇಷ ತನಿಖಾ ತಂಡವು ಕೊಲೆ ಮತ್ತು ಒಳಸಂಚಿನ ಜೊತೆಗೆ ಶಸ್ತ್ರಾಸ್ತ್ರ ಕಾಯ್ದೆ ಹಾಗೂ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯಡಿಯೂ ಆರೋಪ ಹೊರಿಸಿತು. ಒಂದೇ ಕೃತ್ಯಕ್ಕೆ ಹಲವು ಕಾಯ್ದೆಗಳು ಅನ್ವಯಿಸುವುದಕ್ಕೆ ಇದು ನಿದರ್ಶನ.

ಇತರ ದೇಶಗಳಲ್ಲಿ

ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಹಿಂಸಾತ್ಮಕ ಅಥವಾ ಮಾದಕ ವಸ್ತು ಸಾಗಣೆಯ ಅಪರಾಧದ ವೇಳೆ ಬಂದೂಕು ಹೊಂದಿರುವುದೇ ಪ್ರತ್ಯೇಕ ಅಪರಾಧ. ಅದಕ್ಕೆ ಕನಿಷ್ಠ 5 ವರ್ಷ, ಬಂದೂಕನ್ನು ಪ್ರದರ್ಶಿಸಿದರೆ 7 ವರ್ಷ, ಗುಂಡು ಹಾರಿಸಿದರೆ 10 ವರ್ಷ ಶಿಕ್ಷೆಯಿದ್ದು, ಮೂಲ ಅಪರಾಧದ ಶಿಕ್ಷೆಯ ನಂತರ ಇದನ್ನು ಅನುಭವಿಸಬೇಕಾಗುತ್ತದೆ.