ಪ್ರವೇಶ ಪರೀಕ್ಷೆಯ ಕಾಲದಲ್ಲಿ ವಿದ್ಯಾರ್ಥಿಗಳ ಗುರುತಿನ ಸಂಖ್ಯೆಗಳ ರಕ್ಷಣೆ

ಪೀಠಿಕೆ

ಬಿ.ಎಸ್ಸಿ. (ಆನರ್ಸ್) ಕೃಷಿ ಮೊದಲಾದ ಪದವಿಗಳಿಗೆ ಸೇರಬಯಸುವ ರೈತರ ಮಕ್ಕಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು (ಸಿಇಟಿ) ಬರೆಯುತ್ತಾರೆ. ಕೃಷಿಕರ ಕೋಟಾದ ಅಭ್ಯರ್ಥಿಗಳಿಗೆ ಇದರ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಈ ಅವಧಿಯಲ್ಲಿ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಅಂಕಪಟ್ಟಿ ಹಾಗೂ ತಂದೆಯ ಮೊಬೈಲ್ ಸಂಖ್ಯೆ ಒಂದೇ ಕಡತದಲ್ಲಿ ಸೇರಿ ಸೈಬರ್ ಕೇಂದ್ರ, ಜೆರಾಕ್ಸ್ ಅಂಗಡಿ ಮತ್ತು ಕಾಲೇಜುಗಳ ನಡುವೆ ಓಡಾಡುತ್ತವೆ. ಇವು ಅನ್ಯರ ಕೈಸೇರಿದರೆ ಎರಡು ಬಗೆಯ ನಷ್ಟ ಸಂಭವಿಸಬಹುದು: ಮಗುವಿನ ಸೀಟು ಕೈತಪ್ಪಬಹುದು, ಕುಟುಂಬದ ಬ್ಯಾಂಕ್ ಖಾತೆಯಿಂದ ಹಣ ಹೋಗಬಹುದು. 2024ರ ಎಂಜಿನಿಯರಿಂಗ್ ಸೀಟು ಹಂಚಿಕೆಯಲ್ಲಿ ವಿದ್ಯಾರ್ಥಿಗಳ ಲಾಗಿನ್ ವಿವರಗಳನ್ನು ದುರ್ಬಳಕೆ ಮಾಡಿ ಸೀಟುಗಳನ್ನು ತಡೆಹಿಡಿದ ಆರೋಪವು ಬೆಂಗಳೂರಿನಲ್ಲಿ ಪೊಲೀಸ್ ತನಿಖೆಗೆ ಒಳಪಟ್ಟಿತ್ತು.

ಯಾವ ಸಂಖ್ಯೆ, ಏತಕ್ಕೆ?

• ಆಧಾರ್ ಸಂಖ್ಯೆ: 12 ಅಂಕಿಗಳದ್ದು; ಜೀವಮಾನವಿಡೀ ಬದಲಾಗದು. ಆದ್ದರಿಂದ ಒಮ್ಮೆ ಸೋರಿದರೆ ಹಿಂಪಡೆಯಲಾಗದು.
• ಆರ್‌ಡಿ ಸಂಖ್ಯೆ: ನಾಡಕಚೇರಿ ನೀಡುವ ಜಾತಿ, ಆದಾಯ ಮುಂತಾದ ಪ್ರಮಾಣಪತ್ರಗಳ ಮೇಲಿರುತ್ತದೆ. ಮೀಸಲಾತಿಯ ಪರಿಶೀಲನೆಗೆ ಬಳಕೆಯಾಗುತ್ತದೆ.
• ಸ್ಯಾಟ್ಸ್ ಸಂಖ್ಯೆ: ವಿದ್ಯಾರ್ಥಿಯ ಶಾಲಾ ವ್ಯಾಸಂಗದ ವಿವರಗಳಿಗೆ ಸಂಬಂಧಿಸಿದ್ದು.
• ಅರ್ಜಿ ಸಂಖ್ಯೆ ಮತ್ತು ಪ್ರವೇಶಪತ್ರದ ಸಂಖ್ಯೆ: ಪರೀಕ್ಷೆ, ಫಲಿತಾಂಶ ಹಾಗೂ ಸೀಟು ಹಂಚಿಕೆಗೆ ಬೇಕಾದವು.
• ಪಾಸ್‌ವರ್ಡ್ ಮತ್ತು ಒಟಿಪಿ: ಇವು ಬೀಗದ ಕೈಗಳಿದ್ದಂತೆ. ಮೇಲಿನ ಸಂಖ್ಯೆಗಳನ್ನು ಅಧಿಕೃತ ಅರ್ಜಿಯಲ್ಲಿ ನಮೂದಿಸಬೇಕಾಗುತ್ತದೆ. ಇವನ್ನು ಮಾತ್ರ ಯಾರಿಗೂ ಹೇಳಕೂಡದು.

ಅರ್ಜಿ ಸಲ್ಲಿಸುವಾಗ

1. ಸಾಧ್ಯವಾದಷ್ಟೂ ಅರ್ಜಿಯನ್ನು ಮನೆಯವರ ಮೊಬೈಲ್ ಅಥವಾ ಕಾಲೇಜಿನ ಗಣಕಯಂತ್ರದಲ್ಲಿ ವಿದ್ಯಾರ್ಥಿಯೇ ತುಂಬಲಿ. ಸೈಬರ್ ಕೇಂದ್ರಕ್ಕೆ ಹೋಗಬೇಕಾದರೆ ಪಾಸ್‌ವರ್ಡ್ ಅನ್ನು ವಿದ್ಯಾರ್ಥಿಯೇ ಟೈಪ್ ಮಾಡಬೇಕು.
2. ಅರ್ಜಿಯಲ್ಲಿ ಮಧ್ಯವರ್ತಿಯ ಅಥವಾ ಅಂಗಡಿಯವರ ಮೊಬೈಲ್ ಸಂಖ್ಯೆಯನ್ನು ನೀಡಬಾರದು. ಒಟಿಪಿ ಯಾರ ಮೊಬೈಲಿಗೆ ಬರುತ್ತದೆಯೋ ಅರ್ಜಿಯ ಹಿಡಿತ ಅವರ ಕೈಯಲ್ಲಿರುತ್ತದೆ.
3. ಡೌನ್‌ಲೋಡ್ ಮಾಡಿದ ಇ-ಆಧಾರ್ ಕಡತದ ಪಾಸ್‌ವರ್ಡ್, ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಅಂಕಪಟ್ಟಿ ನೋಡಿದವರು ಯಾರಾದರೂ ಇದನ್ನು ಊಹಿಸಬಲ್ಲರು. ಆದುದರಿಂದ ಕೆಲಸ ಮುಗಿದೊಡನೆ ಆ ಕಡತವನ್ನು ಗಣಕಯಂತ್ರದಿಂದಲೂ, ಅದರ ‘ರಿಸೈಕಲ್ ಬಿನ್’ನಿಂದಲೂ ಅಳಿಸಿ, ಲಾಗ್‌ಔಟ್ ಆಗಬೇಕು.
4. ಹಾಳಾದ ಜೆರಾಕ್ಸ್ ಪ್ರತಿಗಳನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ತಂದು ಹರಿದುಹಾಕಿ.
5. ಪ್ರವೇಶಪತ್ರ ಅಥವಾ ಅಂಕಪಟ್ಟಿಯ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿಯೂ ಸ್ಟೇಟಸ್‌ನಲ್ಲಿಯೂ ಹಾಕಬಾರದು.

ಆಧಾರ್ ರಕ್ಷಣೆಯ ಕ್ರಮಗಳು

ಕೇವಲ ಗುರುತು ತೋರಿಸಬೇಕಾದ ಕಡೆ ‘ಮಾಸ್ಕ್ ಆಧಾರ್’ ಬಳಸಬಹುದು. ಇದರಲ್ಲಿ ಕೊನೆಯ 4 ಅಂಕಿಗಳು ಮಾತ್ರ ಕಾಣುತ್ತವೆ. 16 ಅಂಕಿಗಳ ವರ್ಚುವಲ್ ಐಡಿ ಇನ್ನೊಂದು ಮಾರ್ಗ. ಇದನ್ನು ಬೇಕಾದಾಗ ಬದಲಿಸಬಹುದು ಮತ್ತು ಇದರಿಂದ ಮೂಲ ಆಧಾರ್ ಸಂಖ್ಯೆ ತಿಳಿಯುವುದಿಲ್ಲ. ಎರಡನ್ನೂ ‘ಮೈಆಧಾರ್’ ಜಾಲತಾಣದಲ್ಲಿ ಪಡೆಯಬಹುದು. ಆದರೆ ಪ್ರಾಧಿಕಾರದ ಅರ್ಜಿಯು ಪೂರ್ಣ ಸಂಖ್ಯೆಯನ್ನು ಕೇಳಿದಲ್ಲಿ ಸೂಚನೆಯಂತೆಯೇ ತುಂಬಬೇಕು.

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ (ಎಇಪಿಎಸ್) ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚಿನಿಂದ ಒಟಿಪಿ ಇಲ್ಲದೆಯೇ ಹಣ ತೆಗೆಯಬಹುದು. ಪಿಎಂ-ಕಿಸಾನ್ ಕಂತು, ಬೆಳೆ ವಿಮೆ ಪರಿಹಾರದಂತಹ ಹಣ ಜಮೆಯಾಗುವ ಖಾತೆಗೆ ಇದರಿಂದ ಅಪಾಯವಿದೆ. ಆದ್ದರಿಂದ ಪೋಷಕರೂ ವಿದ್ಯಾರ್ಥಿಯೂ ‘ಎಂಆಧಾರ್’ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡುವುದು ಸೂಕ್ತ. ಪಡಿತರ ಪಡೆಯಲು ಅಥವಾ ಪರೀಕ್ಷಾ ಕೇಂದ್ರದಲ್ಲಿ ಬೆರಳಚ್ಚು ನೀಡಬೇಕಾಗಿದ್ದರೆ ಮುಂಚಿತವಾಗಿ ತಾತ್ಕಾಲಿಕವಾಗಿ ತೆರೆಯಲು ಮರೆಯಬಾರದು.

ಸೀಟು ಹಂಚಿಕೆಯ ಹಂತ

ಅತಿ ಹೆಚ್ಚಿನ ಎಚ್ಚರ ಬೇಕಾದುದು ಇಲ್ಲಿಯೇ. ಕಾಲೇಜುಗಳ ಆದ್ಯತಾ ಪಟ್ಟಿಯನ್ನು ಬೇರೊಬ್ಬರು ತಿದ್ದಿದರೆ ಉತ್ತಮ ರ‍್ಯಾಂಕ್ ಇದ್ದರೂ ಬೇಡದ ಸೀಟು ಬರಬಹುದು. ಆಯ್ಕೆಗಳನ್ನು ದಾಖಲಿಸಿದ ಬಳಿಕ ಮುದ್ರಿತ ಪ್ರತಿ ಇಟ್ಟುಕೊಂಡು, ಗಡುವಿನ ಕೊನೆಯ ದಿನ ಮತ್ತೊಮ್ಮೆ ಲಾಗಿನ್ ಆಗಿ ತಾಳೆ ನೋಡಿ. ‘ಸೀಟು ಕೊಡಿಸುತ್ತೇವೆ, ಲಾಗಿನ್ ವಿವರ ಕೊಡಿ’ ಎನ್ನುವವರಿಗೆ ಏನನ್ನೂ ಕೊಡಬೇಡಿ. ಪ್ರಾಧಿಕಾರದ ಹೆಸರಿನಲ್ಲಿ ಕರೆ ಮಾಡಿ ಒಟಿಪಿ ಕೇಳಿದರೆ ಅದು ವಂಚನೆಯೆಂದೇ ತಿಳಿಯಿರಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

• ರೈತರ ಮಕ್ಕಳಿಗೆ ಅರ್ಜಿ ತುಂಬಲು ನೆರವಾಗುವಾಗ ಆಧಾರ್ ಪ್ರತಿಗಳನ್ನು ಸಂಗ್ರಹಿಸಿಡಬೇಡಿ, ನೋಡಿ ಹಿಂದಿರುಗಿಸಿ.
• ಹೆಸರು, ಮೊಬೈಲ್, ಆಧಾರ್ ಒಟ್ಟಿಗಿರುವ ಪಟ್ಟಿಗಳನ್ನು ಗುಂಪುಗಳಲ್ಲಿ ಹಂಚಬೇಡಿ.
• ಪಾಸ್‌ವರ್ಡ್ ಅನ್ನು ವಿದ್ಯಾರ್ಥಿಯೇ ರೂಪಿಸಿ, ಮನೆಯ ಪುಸ್ತಕದಲ್ಲಿ ಬರೆದಿಡುವಂತೆ ತಿಳಿಸಿ. ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆ ಪಾಸ್‌ವರ್ಡ್ ಆಗದಿರಲಿ.

ವಿವರ ಸೋರಿದೆಯೆಂಬ ಅನುಮಾನವಿದ್ದರೆ

1. ತಡಮಾಡದೆ ಪಾಸ್‌ವರ್ಡ್ ಬದಲಿಸಿ, ಅರ್ಜಿಯ ವಿವರ ಹಾಗೂ ಆಯ್ಕೆಗಳನ್ನು ಪರಿಶೀಲಿಸಿ.
2. ಬದಲಾವಣೆ ಕಂಡುಬಂದರೆ ಅದೇ ದಿನ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಿ, ಸ್ವೀಕೃತಿ ಪಡೆಯಿರಿ. ಗಡುವು ಮುಗಿದ ಮೇಲೆ ತಿದ್ದುಪಡಿ ಕಷ್ಟ.
3. ಆಧಾರ್ ಬಳಕೆಯ ಇತಿಹಾಸವನ್ನು ‘ಮೈಆಧಾರ್’ನಲ್ಲಿ ನೋಡಿ. ಸಹಾಯವಾಣಿ: 1947.
4. ಹಣ ಹೋಗಿದ್ದಲ್ಲಿ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮತ್ತೊಬ್ಬರ ಪಾಸ್‌ವರ್ಡ್ ಅಥವಾ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂ.ವರೆಗೆ ದಂಡಕ್ಕೆ ಗುರಿಯಾಗುವ ಅಪರಾಧ. ದೂರು ನೀಡಲು ಹಿಂಜರಿಯಬೇಡಿ. ಬಿತ್ತನೆ ಬೀಜವನ್ನು ಜೋಪಾನ ಮಾಡುವಷ್ಟೇ ಎಚ್ಚರಿಕೆಯಿಂದ ಈ ಕಡತವನ್ನೂ ಪ್ರವೇಶ ಪ್ರಕ್ರಿಯೆ ಮುಗಿಯುವವರೆಗೆ ಕಾಪಾಡಿಕೊಳ್ಳಿ.